‘ಒಂದೇ ಸಾಲು ಸಾಕು’ ಅನ್ನೋರ ಜೊತೆ ಒಂದು ಜಗಳ

ಜಗಳ ಆಡಿ ತುಂಬಾ ದಿನ ಆಗಿತ್ತು. ಇವತ್ತು ಒಂದು ಆಡಿಯೇ ಬಿಡೋಣ ಅಂತ ಕೂತಿದ್ದೀನಿ.

ಕಂಪ್ಯೂಟರ್ ಆಟ ಮಾಡೋದು ಹೇಗೆ ಅಂತ ಕಲಿಸೋ ಯಾವ ವಿಡಿಯೋ ಬೇಕಾದ್ರೂ ತೆಗೀರಿ. ಹತ್ತನೇ ನಿಮಿಷದ ಹೊತ್ತಿಗೆ ಒಂದು ಮಾತು ಬಂದೇ ಬರುತ್ತೆ. "ಈಗ ‘ಆಡು’ ಬಟನ್ ಒತ್ತಿದ್ರೆ ಆಟದ ಪರದೆಗೆ ಹೋಗ್ಬೇಕಲ್ಲ, ಅದಕ್ಕೆ ಒಂದೇ ಸಾಲು ಸಾಕು." ಆ ಸಾಲು ಬರೀತಾರೆ, ಬಟನ್ ಒತ್ತಿ ತೋರಿಸ್ತಾರೆ, ಪರದೆ ಬದಲಾಗುತ್ತೆ. ಆಮೇಲೆ ಗುಂಡು ಹಾರಿಸೋದು, ಶತ್ರು ಬೆನ್ನಟ್ಟೋದು, ನಾಣ್ಯ ಹೆಕ್ಕೋದು... ಅದಕ್ಕೆಲ್ಲ ಮೂರು ಮೂರು ಕಂತು. ಪರದೆಯಿಂದ ಪರದೆಗೆ ಹೋಗೋ ವಿಚಾರ ಮಾತ್ರ ಅಲ್ಲಿಗೇ ಮುಗೀತು. ಕೊನೇ ಕಂತಲ್ಲಿ ಬೇಕಾದ್ರೆ "ಸ್ವಲ್ಪ ಚೆಂದ ಕಾಣ್ಲಿ ಅಂತ" ಕಪ್ಪಾಗಿ ಮಸುಕಾಗೋ ಹಾಗೆ ಮಾಡ್ತಾರೆ.

ನನ್ನ ತಕರಾರು ಇಷ್ಟೇ. ಪರದೆ ಬದಲಾಯಿಸೋದು ಕೊನೆಗೆ ಹಚ್ಚೋ ಬಣ್ಣ ಅಲ್ಲ, ತಳಪಾಯ. ಅದನ್ನ ಒಂದೊಂದು ಪರದೆಯ ಕೈಗೂ ಕೊಟ್ಟು ಕೂರಬಾರದು. ಅದಕ್ಕೊಬ್ಬ ಯಜಮಾನ ಬೇಕು, ಅವನು ಮೊದಲ ದಿನವೇ ಬೇಕು. ಇದನ್ನ ನಾನು ಪುಸ್ತಕ ಓದಿ ಕಲಿತಿದ್ದಲ್ಲ, ದೊಡ್ಡಮ್ಮನ ಹತ್ರ ಬೈಸಿಕೊಂಡು ಕಲಿತಿದ್ದು.

ಕೋಡು ಬರೆಯದವರು ಓಡಿ ಹೋಗ್ಬೇಡಿ, ಕೊರೆಯಲ್ಲ ಅಂತ ಭಾಷೆ ಕೊಡ್ತೀನಿ. (ಸ್ವಲ್ಪ ಕೊರೀತೀನಿ.)

ವಿಷಯ ಹೀಗೆ. ಬಿಡುವಿದ್ದಾಗ ಒಂದು ಅಳಗುಳಿಮಣೆ ಆಟ ಮಾಡ್ತಾ ಇದ್ದೆ. ಹದಿನಾಲ್ಕು ಗುಳಿ, ನಮ್ಮ ಮನೆ ಲೆಕ್ಕದಲ್ಲಿ ಗುಳಿಗೆ ಐದು ಹುಣಸೆ ಬೀಜ, ಒಟ್ಟು 70. ಮಾಡಿದ್ದು ಗೊಡೋ ಅನ್ನೋ ಇಂಜಿನ್‌ನಲ್ಲಿ. ಅರ್ಜೆಂಟೀನಾದಲ್ಲಿ ಹುಟ್ಟಿ, 2014ರಲ್ಲಿ ಮೂಲ ಕೋಡ್ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟ ಇಂಜಿನ್ ಇದು. ಹೆಸರು ಬೆಕೆಟ್‌ನ ನಾಟಕದ್ದು, ಎಷ್ಟು ಕಾದರೂ ಬರದೇ ಇರೋನ ಹೆಸರು. ಪರದೆ ಲೋಡ್ ಆಗೋದನ್ನ ಕಾಯ್ತಾ ಕೂತಾಗೆಲ್ಲ ನೆನಪಾಗುತ್ತೆ :-) ಇದರ 4ನೇ ಆವೃತ್ತಿ 2023ರಲ್ಲಿ ಬಂದಮೇಲೆ ಒತ್ತಕ್ಷರ ಸರಿಯಾಗಿ ಮೂಡೋಕೆ ಶುರುವಾಯ್ತು. ಅದಕ್ಕೆ ಮೊದಲು ‘ಅಜ್ಜಿ’ ಅಂತ ಬರೆದ್ರೆ ಜಕಾರದ ಪಕ್ಕ ಜಕಾರ ಬಂದು ನಿಲ್ತಿತ್ತು. ಹಾಗಾಗಿ ಕನ್ನಡದಲ್ಲಿ ಆಟ ಮಾಡೋರಿಗೆ ಆ ವರ್ಷದಿಂದ ಒಂದು ನೆಪ ಕಮ್ಮಿ ಆಯ್ತು.

ನನ್ನ ಆಟದಲ್ಲಿ ಪರದೆಗಳು ಏಳು. ಮೊದಲಿನದು, ಒಬ್ಬರೋ ಇಬ್ಬರೋ ಅಂತ ಕೇಳೋದು, ಮಣೆ, ‘ಸ್ವಲ್ಪ ತಡಿ’ ಅನ್ನೋದು, ಸದ್ದು-ಗಿದ್ದು ಬದಲಿಸೋ ಸೆಟ್ಟಿಂಗ್ಸ್, ಆಡೋ ಕ್ರಮ ಹೇಳೋದು, ಗೆದ್ದವರ ಹೆಸರು ತೋರಿಸೋದು. ಎಲ್ಲದರಲ್ಲೂ ಆ ಒಂದೊಂದು ಸಾಲು ಹಾಕಿದ್ದೆ. ವಿಡಿಯೋದೋರು ಹೇಳಿದ ಹಾಗೇ.

ಊರಿಗೆ ಹೋದಾಗ ದೊಡ್ಡಮ್ಮನ ಟ್ಯಾಬ್ಲೆಟ್‌ಗೆ ಹಾಕಿಕೊಟ್ಟೆ. ದೊಡ್ಡಮ್ಮ ಅಳಗುಳಿಮಣೆಯಲ್ಲಿ ಸಣ್ಣ ಪೈಕಿ ಅಲ್ಲ, ಮಳೆಗಾಲ ಪೂರ್ತಿ ಅದರಲ್ಲೇ ಕಳೆದವರು. ಅರ್ಧ ಗಂಟೆಯಲ್ಲಿ ಕಂಪ್ಯೂಟರಿನ ಬೀಜ ಎಲ್ಲ ಬಳಿದು ಹಾಕೋ ಹಂತಕ್ಕೆ ಬಂದಿದ್ರು. ಪಕ್ಕದ ಕೋಣೇಲಿ ದೊಡ್ಡಪ್ಪ ಮಲಗಿದ್ರು, ಬೀಜ ಬೀಳೋ ಟಕ್ ಟಕ್ ಸದ್ದು ಕಮ್ಮಿ ಮಾಡೋಣ ಅಂತ ದೊಡ್ಡಮ್ಮ ಸೆಟ್ಟಿಂಗ್ಸ್‌ಗೆ ಹೋದ್ರು. ಸದ್ದು ಕಮ್ಮಿ ಮಾಡಿ ‘ಹಿಂದೆ’ ಒತ್ತಿದ್ರು.

ಬಂದಿದ್ದು ಆಟದ ಮೊದಲ ಪರದೆ. ಮಣೆ ಇಲ್ಲ.

"ಅಪ್ಪೀ, ಮಣೆ ಎಲ್ಲಿ ಹೋತು? ಕಾಳೆಲ್ಲ ಚೆಲ್ಲಿಹೋತಾ?"

ಚೆಲ್ಲಿಹೋಗಿತ್ತು. ಯಾಕಂದ್ರೆ ಸೆಟ್ಟಿಂಗ್ಸ್ ಪರದೆ ನಾನು ಬರೆದಾಗ ಅದಕ್ಕೆ ದಾರಿ ಇದ್ದಿದ್ದು ಮೊದಲ ಪರದೆಯಿಂದ ಮಾತ್ರ. ‘ಹಿಂದೆ’ ಬಟನ್‌ಗೆ ‘ಮೊದಲ ಪರದೆಗೆ ಹೋಗು’ ಅಂತ ಬರೆದು ಮುಗಿಸಿದ್ದೆ. ತಿಂಗಳಾದ ಮೇಲೆ ಮಣೆಯಿಂದಲೂ ಸೆಟ್ಟಿಂಗ್ಸ್‌ಗೆ ಒಂದು ಬಟನ್ ಇಟ್ಟೆ. ‘ಹಿಂದೆ’ ಅಂದ್ರೆ ಬಂದ ಕಡೆಗೆ ಅಂತ ದೊಡ್ಡಮ್ಮಂಗೆ ಗೊತ್ತು, ನನಗೂ ಗೊತ್ತು, ಕೋಡಿಗೆ ಗೊತ್ತಿಲ್ಲ. ಯಾರೂ ಅದಕ್ಕೆ ಹೇಳಿಲ್ಲ.

ಇದು ನಿನ್ನ ತಪ್ಪು, ಇಂಜಿನ್ ಏನು ಮಾಡ್ತು ಅಂತ ಕೇಳ್ತೀರ. ತಪ್ಪು ನಂದೇ, ಒಪ್ಪಿದೆ. ಆದ್ರೆ ಈ ತಪ್ಪನ್ನ ಇಷ್ಟು ಸಲೀಸು ಮಾಡಿಟ್ಟಿರೋದು ಆ ಒಂದು ಸಾಲು. ಲೆಕ್ಕ ಹಾಕಿ: ಏಳು ಪರದೆ, ಪ್ರತಿಯೊಂದಕ್ಕೂ ಉಳಿದ ಆರರ ವಿಳಾಸ ಗೊತ್ತಿರಬಹುದು ಅಂದ್ರೆ 42 ದಾರಿ. ಎಂಟನೇ ಪರದೆ ಸೇರಿಸಿದ್ರೆ 56. ಇವೆಲ್ಲ ಎಲ್ಲೂ ಒಂದು ಕಡೆ ಬರೆದಿರಲ್ಲ. ಒಂದೊಂದು ಬಟನ್ನಿನ ಹೊಟ್ಟೆಯಲ್ಲಿ ಒಂದೊಂದು ಅಡಗಿ ಕೂತಿರುತ್ತೆ. ಆಟದ ನಕ್ಷೆ ಕೊಡಿ ಅಂದ್ರೆ ಬರೆದವನಿಗೇ ಕೊಡೋಕಾಗಲ್ಲ.

ಇನ್ನು ಆ ಸಾಲಿನ ಹೆಸರು ನೋಡಿ: ‘ಚೇಂಜ್ ಸೀನ್ ಟು ಫೈಲ್’. ದೃಶ್ಯ ಬದಲಿಸು. ಆದ್ರೆ ಅದು ಮಾಡೋದು ಬದಲಿಸೋ ಕೆಲಸ ಅಲ್ಲ, ಕೆಡವಿ ಕಟ್ಟೋ ಕೆಲಸ. ಕರೆದ ತಕ್ಷಣ ಹಳೇ ದೃಶ್ಯ ಮರದಿಂದ ಕಿತ್ತು ಬರುತ್ತೆ. ಆ ಫ್ರೇಮ್ ಮುಗಿಯೋ ಹೊತ್ತಿಗೆ ಅದನ್ನ ಅಳಿಸಿ ಹಾಕಿ, ಆಮೇಲೆ ಹೊಸದನ್ನ ಕಟ್ಟಿ ನಿಲ್ಲಿಸ್ತಾರೆ. ನಡುವಿನ ಆ ಚೂರು ಹೊತ್ತು ‘ಈಗಿನ ದೃಶ್ಯ ಯಾವುದು’ ಅಂತ ಕೇಳಿದ್ರೆ ಇಂಜಿನ್ ‘ಯಾವುದೂ ಇಲ್ಲ’ ಅನ್ನುತ್ತೆ. ಇದೆಲ್ಲ ಅವರ ಕೈಪಿಡಿಯಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ, ಇಂಜಿನ್ ಮಾಡಿದವರ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟು ಅದನ್ನ ಓದದೇ ಕಲಿಸೋಕೆ ಕೂತವರ ಮೇಲೆ. ದೊಡ್ಡಮ್ಮ ಸೆಟ್ಟಿಂಗ್ಸ್ ಒತ್ತಿದ ಆ ಕ್ಷಣದಲ್ಲೇ 70 ಬೀಜದ ಸಮೇತ ಮಣೆ ಹೋಗಿತ್ತು. ‘ಹಿಂದೆ’ ಬಟನ್ ಸರಿ ಇದ್ದಿದ್ರೂ ಬರ್ತಿದ್ದಿದ್ದು ಹೊಸ ಮಣೆ, ಹೊಸ ಆಟ.

ಬೇರೆ ಇಂಜಿನ್‌ಗಳಲ್ಲಿ ಕಥೆ ಬೇರೆ, ವ್ಯಥೆ ಒಂದೇ. ಲಿಬ್‌ಜಿಡಿಎಕ್ಸ್‌ನಲ್ಲಿ ‘ಸೆಟ್ ಸ್ಕ್ರೀನ್’ ಅಂದ್ರೆ ಹಳೇ ಪರದೆಗೆ ‘ಅಡಗಿಕೋ’ ಅಂತ ಮಾತ್ರ ಹೇಳುತ್ತೆ, ಅಳಿಸಲ್ಲ. ಅಳಿಸೋದು ನಮ್ಮ ಜವಾಬ್ದಾರಿ. ಮರೆತರೆ ಪರದೆ ಪರದೆಯ ಚಿತ್ರಗಳೂ ಮೆಮೊರಿಯಲ್ಲಿ ರಾಶಿ ಬಿದ್ದು ಕೊನೆಗೊಂದು ದಿನ ಫೋನು ಉಸ್ಸಪ್ಪಾ ಅನ್ನುತ್ತೆ. ಯೂನಿಟಿಯಲ್ಲಿ ಹಿನ್ನೆಲೆಯಲ್ಲಿ ಲೋಡ್ ಮಾಡಿ, ‘ನಾನು ಹೇಳೋವರೆಗೂ ತೋರಿಸ್ಬೇಡ’ ಅಂದ್ರೆ ಅದರ ಲೆಕ್ಕ 0.9ಕ್ಕೆ ನಿಂತು ಬಿಡುತ್ತೆ. ಇದು ಗೊತ್ತಿಲ್ಲದೇ 1 ಆಗಲಿ ಅಂತ ಕಾಯ್ತಾ ಕೂತರೆ ಜನ್ಮಪೂರ್ತಿ ಕಾಯಬಹುದು. ಶೇಕಡಾ 90ಕ್ಕೆ ಸಿಕ್ಕಿಹಾಕ್ಕೊಂಡ ಪಟ್ಟಿ ನೋಡಿ ಎಷ್ಟು ಜನ ತಲೆ ಚಚ್ಚಿಕೊಂಡಿದ್ದಾರೋ ದೇವರಿಗೇ ಗೊತ್ತು.

ಸರಿ, ಯಜಮಾನ ಅಂದ್ನಲ್ಲ, ಏನದು?

ಯಕ್ಷಗಾನ ನೋಡಿದವರಿಗೆ ಬೇಗ ಹೇಳಬಹುದು. ರಂಗಕ್ಕೆ ಬಂದ ವೇಷ ತಾನೇ ಚೌಕಿಗೆ ಓಡಿಹೋಗಿ ಮುಂದಿನ ವೇಷವನ್ನ ಎಳೆದುಕೊಂಡು ಬರಲ್ಲ. ಯಾರು ಯಾವಾಗ ಬರಬೇಕು, ಯಾರ ಮಾತು ಮುಗೀತು, ಪದ್ಯ ಯಾವಾಗ ಎತ್ತಬೇಕು, ಎಲ್ಲ ಭಾಗವತರ ಕೈಯಲ್ಲಿ. ಅವರು ಮೊದಲಿಂದ ಕೊನೇವರೆಗೂ ಅಲ್ಲೇ ಕೂತಿರ್ತಾರೆ, ವೇಷಗಳು ಬಂದು ಹೋಗ್ತವೆ. ಪ್ರತಿ ವೇಷಕ್ಕೂ ಇಡೀ ಪ್ರಸಂಗದ ಅನುಕ್ರಮ ತಲೇಲಿರಬೇಕಾದ ಅಗತ್ಯ ಇಲ್ಲ. ಆಟದಲ್ಲೂ ಅಂಥವರೊಬ್ಬರು ಬೇಕು. ಗೊಡೋದಲ್ಲಿ ಅದಕ್ಕೆ ಜಾಗ ಇದೆ. ‘ಆಟೋಲೋಡ್’ ಅಂತ ಒಂದು ನೋಡ್ ಇಟ್ಟರೆ ದೃಶ್ಯ ಎಷ್ಟು ಬದಲಾದ್ರೂ ಅದು ಅಲ್ಲಾಡಲ್ಲ. ಅಥವಾ ಒಂದು ತಾಯಿ ದೃಶ್ಯ ಇಟ್ಟು, ಉಳಿದ ಪರದೆಗಳನ್ನ ಅದರ ಕೆಳಗೆ ಸೇರಿಸೋದು ತೆಗೆಯೋದು ಮಾಡಬಹುದು. ನಾನು ಎರಡನೇದನ್ನ ಮಾಡಿದೆ.

ಈಗ ನನ್ನ ಪರದೆಗಳಿಗೆ ಬೇರೆ ಪರದೆಗಳ ಹೆಸರೇ ಗೊತ್ತಿಲ್ಲ. ಅವು ಆಗಿದ್ದನ್ನ ಮಾತ್ರ ಹೇಳ್ತವೆ: ‘ಆಟ ಮುಗೀತು’, ‘ಸೆಟ್ಟಿಂಗ್ಸ್ ಬೇಕಂತೆ’, ‘ಹಿಂದೆ ಹೋಗ್ಬೇಕಂತೆ’. ಎಲ್ಲಿಗೆ ಅನ್ನೋದು ಯಜಮಾನನ ಲೆಕ್ಕ. ಅವನ ಹತ್ರ ಒಂದು ಅಡಕಲು ಇದೆ, ತಟ್ಟೆ ಮೇಲೆ ತಟ್ಟೆ ಪೇರಿಸಿದ ಹಾಗೆ. ಮಣೆಯ ಮೇಲೆ ಸೆಟ್ಟಿಂಗ್ಸ್ ತಟ್ಟೆ ಬಂತು, ಮಣೆ ಕೆಳಗೆ ಹಾಗೇ ಇದೆ, ಬೀಜ ಅಲ್ಲಾಡಿಲ್ಲ. ಬರೀ ಓಡದ ಹಾಗೆ ನಿಲ್ಲಿಸಿದ್ದೀನಿ ಅಷ್ಟೇ. ‘ಹಿಂದೆ’ ಒತ್ತಿದ್ರೆ ಮೇಲಿನ ತಟ್ಟೆ ತೆಗೆದು ಹಾಕಿ. ಕೆಳಗೆ ಏನಿತ್ತೋ ಅದೇ. 42 ದಾರಿ ಕಲಿಸೋದು ತಪ್ಪಿತು. ಇಡೀ ಯಜಮಾನ ನೂರು ಸಾಲಿನ ಒಳಗೆ ಮುಗಿದ.

ಇಷ್ಟು ಮಾಡಿದ್ರೂ ನಡುವಿನ ಹೊತ್ತು ಅನ್ನೋದು ಒಂದು ಉಳಿಯುತ್ತೆ. ನಿಜವಾದ ಕಿತಾಪತಿ ಅಲ್ಲೇ.

ಒಂದು ಪರದೆ ಮಸುಕಾಗಿ ಇನ್ನೊಂದು ಮೂಡೋ ಆ ಅರ್ಧ ಸೆಕೆಂಡಲ್ಲಿ ಆಟ ಎಲ್ಲಿದೆ? ಹಳೇ ಪರದೆಯಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ. ಅದು ಅಲಂಕಾರ ಅಂದುಕೊಂಡವರು ಆ ಹೊತ್ತಲ್ಲಿ ಬೆರಳು ಸುಮ್ಮನಿರುತ್ತೆ ಅಂತ ನಂಬಿರ್ತಾರೆ. ಮಕ್ಕಳ ಕೈಗೆ ಕೊಟ್ಟು ನೋಡಿ! ನನ್ನ ಅಕ್ಕನ ಮಗ ‘ಆಡು’ ಬಟನ್ನನ್ನ ಒಂದು ಸಲ ಒತ್ತಿದ್ದೇ ಇಲ್ಲ, ಯಾವಾಗಲೂ ಐದಾರು ಸಲ. ಪ್ರತಿ ಸಲಕ್ಕೂ ಒಂದು ಮಸುಕು ಶುರುವಾಗಿ, ಎರಡು ಮಣೆ ಒಂದರ ಮೇಲೊಂದು ಕೂತು, ಒಂದು ಬೀಜ ಎತ್ತಿದ್ರೆ ಎರಡು ಟಕ್ ಸದ್ದು. ತಲೆ ಕೆಟ್ಟು ಮೊಸರಾಯ್ತು.

ಇದಕ್ಕೆ ಮಸುಕಿನ ಕಪ್ಪು ಚೌಕವೇ ಬೆರಳಿನ ಒತ್ತನ್ನ ನುಂಗಲಿ ಅಂತ ಮಾಡಿದೆ. ಬಟನ್‌ಗಳು ಸುಮ್ಮನಾದವು, ಮಣೆ ಸುಮ್ಮನಾಗ್ಲಿಲ್ಲ. ಯಾಕಂದ್ರೆ ಮಣೆಯಲ್ಲಿ ನಾನು ಬೆರಳಿನ ಸುದ್ದಿಯನ್ನ ‘_ಇನ್‌ಪುಟ್’ ಅನ್ನೋ ಜಾಗದಲ್ಲಿ ಕೇಳಿಸ್ಕೊಳ್ತಿದ್ದೆ. ಅಲ್ಲಿಗೆ ಸುದ್ದಿ ಕಪ್ಪು ಚೌಕಕ್ಕಿಂತ ಮೊದಲೇ ತಲುಪುತ್ತೆ. ಕೀಬೋರ್ಡಿಗೆ, ಆಂಡ್ರಾಯ್ಡಿನ ಹಿಂದೆ ಬಟನ್ನಿಗೆ ಆ ಚೌಕ ಲೆಕ್ಕಕ್ಕೇ ಇಲ್ಲ. ಕೊನೆಗೆ ಯಜಮಾನನ ಹತ್ರವೇ ‘ಈಗ ಬದಲಾಗ್ತಾ ಇದೆ’ ಅನ್ನೋ ಒಂದು ಗುರುತು ಇಟ್ಟು, ಅದು ಇರೋ ತನಕ ಯಾವ ಬೇಡಿಕೆಯನ್ನೂ ತಗೋಬೇಡ ಅಂದೆ. ಮೊದಲ ಒತ್ತು ಮಾತ್ರ ಲೆಕ್ಕ, ಉಳಿದ ಐದು ಗಾಳಿಗೆ.

ಇನ್ನೊಂದು ಹೇಳ್ತೀನಿ, ಇದಕ್ಕೆ ನನ್ನ ಒಂದು ಇಡೀ ಭಾನುವಾರ ಹೋಗಿದೆ. ಕಪ್ಪು ಚೌಕವನ್ನ ಯಜಮಾನನ ಹತ್ರ ಇಟ್ಟೆ, ಆದ್ರೆ ಅದನ್ನ ಮೆಲ್ಲಗೆ ಕಪ್ಪು ಮಾಡಿ ಮತ್ತೆ ಬಿಡಿಸೋ ‘ಟ್ವೀನ್’ ಶುರು ಮಾಡಿದ್ದು ಹೊರಟು ನಿಂತ ಪರದೆ. ಗೊಡೋದಲ್ಲಿ ಒಂದು ನೋಡ್ ಹುಟ್ಟಿಸಿದ ಟ್ವೀನ್ ಆ ನೋಡಿನ ಜೊತೆಗೇ ಸಾಯುತ್ತೆ. ಪರದೆ ಕಪ್ಪಾಯ್ತು, ಹಳೇ ಪರದೆ ಅಳಿಸಿಹೋಯ್ತು, ಬೆಳಕು ಬಿಡಿಸಬೇಕಾದವನೇ ಸತ್ತುಹೋದ. ಕಪ್ಪು ಕಪ್ಪಾಗೇ ಉಳೀತು, ಹಿಂದೆ ಮಣೆ ಮಾತ್ರ ಆರಾಮಾಗಿ ಟಕ್ ಟಕ್ ಅಂತ ಆಡ್ತಾ ಇದೆ! ಯಕ್ಷಗಾನದಲ್ಲಿ ತೆರೆ ಹಿಡಿಯೋರು ಬೇರೆ, ವೇಷ ಬೇರೆ. ಅದನ್ನ ಗೊತ್ತಿದ್ದೂ ಗೊತ್ತಿದ್ದೂ ವೇಷದ ಕೈಗೇ ತೆರೆ ಕೊಟ್ಟಿದ್ದೆ ನಾನು.

ಅಲಂಕಾರ ಅನ್ನೋರಿಗೆ ಸ್ವಲ್ಪ ಇತಿಹಾಸ. 1996ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ‘ರೆಸಿಡೆಂಟ್ ಈವಿಲ್’ನಲ್ಲಿ ಪ್ರತಿ ಕೋಣೆಗೆ ಹೋಗುವಾಗಲೂ ಕಪ್ಪು ಹಿನ್ನೆಲೆಯಲ್ಲಿ ಒಂದು ಬಾಗಿಲು ಕಿರ್ ಅಂತ ನಿಧಾನಕ್ಕೆ ತೆರೆದುಕೊಳ್ಳುತ್ತೆ. ಮೈ ಜುಂ ಅನ್ನಿಸೋ ಆ ಬಾಗಿಲಿನ ಹಿಂದೆ ಸಿ.ಡಿ. ತಿರುಗಿ ಮುಂದಿನ ಕೋಣೆ ಲೋಡ್ ಆಗ್ತಿತ್ತು. ಕಾಯಿಸೋದನ್ನೇ ಹೆದರಿಸೋದಾಗಿ ಮಾಡಿದ್ರು ಪುಣ್ಯಾತ್ಮರು. 2002ರ ‘ಮೆಟ್ರಾಯ್ಡ್ ಪ್ರೈಮ್’ನಲ್ಲಿ ಬಾಗಿಲಿಗೆ ಗುಂಡು ಹೊಡೆದ್ರೆ ಕೆಲವು ಸಲ ತಕ್ಷಣ ತೆಗೀತಿರಲಿಲ್ಲ, ಆಚೆ ಕೋಣೆ ಇನ್ನೂ ಸಿದ್ಧ ಆಗಿರ್ತಿರಲಿಲ್ಲ. 2007ರ ‘ಮಾಸ್ ಎಫೆಕ್ಟ್’ನ ಲಿಫ್ಟುಗಳು ಎಷ್ಟು ನಿಧಾನ ಅಂದ್ರೆ ಅದೇ ಒಂದು ಜೋಕ್ ಆಗಿಹೋಯ್ತು. ನಾಮ್ಕೋದವರಂತೂ ಲೋಡ್ ಆಗೋ ಹೊತ್ತಲ್ಲಿ ಪುಟ್ಟ ಆಟ ಆಡಿಸೋದಕ್ಕೇ ಅಮೆರಿಕದಲ್ಲಿ ಪೇಟೆಂಟ್ ತಗೊಂಡಿದ್ರು. ಅದರ ಅವಧಿ ಮುಗಿದಿದ್ದು 2015ರಲ್ಲಿ. ಬರೀ ‘ಚೆಂದ ಕಾಣ್ಲಿ’ ಅನ್ನೋದಕ್ಕೆ ಯಾರಾದ್ರೂ ಲಾಯರ್ ಹಿಡೀತಾರಾ ಸ್ವಾಮಿ? ಆ ನಡುವಿನ ಹೊತ್ತಿಗೆ ಬೆಲೆ ಇದೆ ಅಂತ ಅವರಿಗೆ ಗೊತ್ತಿತ್ತು.

ಹಾಗಂತ ಉಲ್ಟಾ ಹುಚ್ಚು ಹಿಡಿದವರನ್ನೂ ನಾನು ಬಿಡಲ್ಲ. ಒಂದು ಪರದೆ ಸುತ್ತಿಕೊಂಡು ಹೋಗೋದು, ಒಂದು ಪುಟ ಮಗುಚಿದ ಹಾಗೆ, ಒಂದು ಚೂರು ಚೂರಾಗಿ ಉದುರೋದು... ಮದುವೆ ವಿಡಿಯೋದಲ್ಲಿ ಹೃದಯದ ಆಕಾರದಲ್ಲಿ ವಧೂವರರು ಮೂಡಿ ಬರ್ತಿದ್ದ ಕಾಲ ಇವರಿಗಿನ್ನೂ ಮುಗಿದಿಲ್ಲ. ಹೋಗೋಕೆ 0.4 ಸೆಕೆಂಡು, ಬರೋಕೆ 0.4 ಅಂದ್ರೆ ಒಂದು ಸಲಕ್ಕೆ 0.8. ದಿನಕ್ಕೆ ಐವತ್ತು ಸಲ ಪರದೆ ದಾಟಿದ್ರೆ 40 ಸೆಕೆಂಡು ಆಟದವರ ಜೀವನದಿಂದ ಕಿತ್ತುಕೊಂಡ ಹಾಗೆ. ಚಲನೆ ಜಾಸ್ತಿಯಾದ್ರೆ ಕೆಲವರಿಗೆ ನಿಜವಾಗಿ ತಲೆ ಸುತ್ತುತ್ತೆ. 2013ರಲ್ಲಿ ಆಪಲ್‌ನವರ ಐಓಎಸ್ 7 ಬಂದಾಗ ಪರದೆ ಮುಂದಕ್ಕೆ ನುಗ್ಗಿ ಬರೋದು ನೋಡಿ ವಾಕರಿಕೆ ಬರುತ್ತೆ ಅಂತ ಜನ ದೂರಿದ್ರು. ಸ್ವಲ್ಪ ದಿನದಲ್ಲೇ ಆ ನುಗ್ಗಾಟ ನಿಲ್ಲಿಸಿ ಬರೀ ಮಸುಕಾಗೋ ಹಾಗೆ ಮಾಡ್ಕೊಳ್ಳೋ ಆಯ್ಕೆ ಕೊಟ್ಟರು. ನನ್ನ ಆಟದಲ್ಲಿ ಈಗ ಹೋಗೋದು 0.15, ಬರೋದು 0.15. ಬೇಡ ಅಂದೋರಿಗೆ ಸೆಟ್ಟಿಂಗ್ಸ್‌ನಲ್ಲಿ ಅದೂ ಇಲ್ಲ.

"ಸಣ್ಣ ಆಟಕ್ಕೆ ಯಾಕಪ್ಪಾ ಇಷ್ಟೆಲ್ಲ?" ಅಂತ ಗೆಳೆಯನೊಬ್ಬ ಕೇಳಿದ. ಎರಡು ದಿನದಲ್ಲಿ ಆಟ ಮಾಡಿ ಮುಗಿಸೋ ಸ್ಪರ್ಧೆಗಾದ್ರೆ ನಿಜ, ಒಂದೇ ಸಾಲು ಸಾಕು, ನಾನೂ ಅದನ್ನೇ ಬರೀತೀನಿ. ಆದ್ರೆ ಇನ್ನೊಬ್ಬರ ಫೋನಿಗೆ ಹೋಗೋ ಆಟ ಅಂದ್ರೆ ಸಣ್ಣದು ಅನ್ನೋದು ನೆಪ. ದೊಡ್ಡ ಕಂಪನಿಯಲ್ಲಿ ‘ಹಿಂದೆ’ ಬಟನ್ ಸಾವಿರ ಸಲ ಒತ್ತಿ ನೋಡೋಕೆ ಅಂತಲೇ ಜನ ಇರ್ತಾರೆ. ನಮ್ಮ ಆಟದಲ್ಲಿ ಒತ್ತಿ ನೋಡೋ ಮೊದಲನೇ ವ್ಯಕ್ತಿ ದೊಡ್ಡಮ್ಮ. ಸಣ್ಣ ಆಟಕ್ಕೇ ಇದು ಜಾಸ್ತಿ ಬೇಕು.

ಗೊಡೋದ ಇನ್ನೊಂದು ಸಂಗತಿ ಕೇಳಿ. ಆಂಡ್ರಾಯ್ಡಿನಲ್ಲಿ ಹಿಂದೆ ಬಟನ್ ಒತ್ತಿದ್ರೆ ಇಡೀ ಆಟವೇ ಮುಚ್ಚಿಹೋಗೋದು ಅದರ ಮೊದಲಿನ ಏರ್ಪಾಡು. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಅದನ್ನ ನಾವೇ ಆಫ್ ಮಾಡಿ, ‘ಹಿಂದೆ ಹೋಗೋ ಬೇಡಿಕೆ ಬಂದಿದೆ’ ಅನ್ನೋ ಸೂಚನೆಯನ್ನ ಯಜಮಾನನಿಗೆ ತಲುಪಿಸ್ಬೇಕು. ಎಷ್ಟು ವಿಡಿಯೋದಲ್ಲಿ ಇದನ್ನ ಹೇಳ್ತಾರೆ? ನಾನು ನೋಡಿದ್ದರಲ್ಲಿ ಒಂದರಲ್ಲೂ ಇಲ್ಲ. ಕಂಪ್ಯೂಟರಿನಲ್ಲಿ ಆಡಿ ತೋರಿಸೋರಿಗೆ ಆ ಬಟನ್ನೇ ಇಲ್ಲವಲ್ಲ.

ತಟ್ಟೆಯ ಅಡಕಲೂ ಎಲ್ಲ ಕಾಯಲ್ಲ. ಆಟದ ನಡುವೆ ಫೋನ್ ಬಂತು, ಮಾತಾಡ್ತಾ ಅರ್ಧ ಗಂಟೆ ಆಯ್ತು, ಅಷ್ಟರಲ್ಲಿ ಜಾಗ ಸಾಲದೆ ಆಂಡ್ರಾಯ್ಡ್ ಆಟವನ್ನೇ ಮುಗಿಸಿಬಿಟ್ಟಿರಬಹುದು. ತಟ್ಟೆ, ಯಜಮಾನ, ತೆರೆ ಎಲ್ಲ ಒಟ್ಟಿಗೆ ಢಮಾರ್. ಅದಕ್ಕೆ ಆಟ ಹಿನ್ನೆಲೆಗೆ ಸರಿಯೋ ಸೂಚನೆ ಬಂದ ಕೂಡಲೇ ಮಣೆಯನ್ನ ಕಡತಕ್ಕೆ ಬರೆದಿಡ್ತೀನಿ. ಹದಿನಾಲ್ಕು ಗುಳಿಯ ಎಣಿಕೆ, ಇಬ್ಬರು ಗೆದ್ದ ಬೀಜ, ಸರದಿ ಯಾರದ್ದು ಅಂತ ಒಂದು. ಒಟ್ಟು 17 ಅಂಕಿ. ಇಷ್ಟು ಪುಟ್ಟ ಕೆಲಸಕ್ಕೆ ‘ಆಮೇಲೆ ಮಾಡಿದ್ರಾಯ್ತು’ ಅಂದಿದ್ದೆನಲ್ಲ, ಅದಕ್ಕೇ ನನಗೆ ನನ್ನ ಮೇಲೂ ಸಿಟ್ಟು.

ಎಲ್ಲ ಸರಿಮಾಡಿ ಹೋದ ತಿಂಗಳು ಹೊಸದನ್ನ ಹಾಕಿಕೊಟ್ಟೆ. ದೊಡ್ಡಮ್ಮ ಸೆಟ್ಟಿಂಗ್ಸ್‌ಗೆ ಹೋಗಿ ಬಂದ್ರು, ಮಣೆ ಇದೆ. ಬೇಕಂತಲೇ ಇನ್ನೂ ನಾಲ್ಕು ಸಲ ಹೋಗಿ ಬಂದ್ರು, ಇದೆ. ನಾನು ಕಾಲರ್ ಸರಿ ಮಾಡ್ಕೊಂಡೆ. ಅಷ್ಟರಲ್ಲಿ ಅವರ ತಂಗಿಯ ಫೋನ್ ಬಂತು, ಮಾತು ಮುಗಿಸಿ ಬರೋಕೆ ಮುಕ್ಕಾಲು ಗಂಟೆ ಹಿಡೀತು. ಆಟ ತೆಗೆದ್ರು, ಮಣೆ ಹಾಗೇ ಎದ್ದು ಬಂತು. ಒಂದು ನಿಮಿಷ ಕಣ್ಣು ಕಿರಿದು ಮಾಡಿ ನೋಡಿದ್ರು. ಬೆರಳಲ್ಲಿ ಗುಳಿ ಗುಳಿ ಮುಟ್ಟಿ ಎಣಿಸಿದ್ರು.

"ಎರಡು ಕಾಳು ಕಮ್ಮಿ ಇದ್ದು ಅಪ್ಪಿ."

ಎಣಿಸಿದೆ. 68. ಫೋನ್ ಬಂದಾಗ ಬೀಜ ಹಂಚ್ತಾ ಇದ್ದರಂತೆ. ಆ ಎರಡು ಬೀಜ ಗುಳಿಯಲ್ಲೂ ಇರಲಿಲ್ಲ, ಗೆದ್ದಿದ್ದರಲ್ಲೂ ಇರಲಿಲ್ಲ, ಕೈಯಲ್ಲಿದ್ದವು. ನನ್ನ 17 ಅಂಕಿಯಲ್ಲಿ ಕೈಗೆ ಜಾಗ ಇಟ್ಟಿರಲಿಲ್ಲ. ಈಗ 19 ಮಾಡಿದ್ದೀನಿ: ಕೈಯಲ್ಲಿ ಎಷ್ಟಿದೆ, ಮುಂದೆ ಹಾಕಬೇಕಾದ ಗುಳಿ ಯಾವುದು. ಮುಂದಿನ ವಾರ ಊರಿಗೆ ಹೋಗ್ತಿದ್ದೀನಿ, ಎಣಿಸೋರು ಅಲ್ಲಿದ್ದಾರೆ.